ಒಂಬತ್ತನೇ ರೂಮಿನ ಕಿಂಡಿ

ಮೇಸ್ತ್ರಿ ಹೋದರು ಅನ್ನೋ ಸುದ್ದಿ ನನಗೆ ಸಿಕ್ಕಿದ್ದು ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ. ಒಂದು ಆಫೀಸಿನ ಜನರೇಟರ್ ನೋಡಿಕೊಂಡು ಹಾಸನಕ್ಕೆ ವಾಪಸ್ ಹೊರಟಿದ್ದೆ. ಕೈಯಲ್ಲಿ ಕಾಫಿ ಲೋಟ ಇತ್ತು, ಎರಡು ಗುಟುಕು ಕುಡಿದಿದ್ದೆ ಅಷ್ಟೆ. ಹಿಂದೆ ನಮ್ಮ ಜೊತೆ ವೈರಿಂಗ್ ಕೆಲಸ ಮಾಡಿದ್ದ ಒಬ್ಬ ಎದುರಿಗೆ ಬಂದು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, "ಸಾ, ಒಳೇನರ್ಸೀಪುರದ ಏಸಿ ಮೇಸ್ತ್ರಿ ನಿನ್ನೆ ತೀರ್ಕಂಡ್ರಂತೆ, ನಿಮ್ಗೆ ಗೊತ್ತಾಗ್ನಿಲ್ವಾ?" ಅಂದ.

ಕಾಫಿ ಕೆಳಗಿಟ್ಟೆ. ನಿಜ ಹೇಳಬೇಕಲ್ಲ, ಮೊದಲು ಮನಸ್ಸಿಗೆ ಬಂದಿದ್ದು 'ಅಯ್ಯೋ ಪಾಪ' ಅಲ್ಲ. 'ಅಯ್ಯೋ, ಇನ್ನು ಹೇಳೋಕೆ ಆಗಲ್ವಲ್ಲ' ಅನ್ನೋದು. ನನ್ನ ತಪ್ಪೊಂದನ್ನು ಆ ಮನುಷ್ಯ ತಮ್ಮ ತಲೆ ಮೇಲೆ ಹಾಕಿಕೊಂಡಿದ್ದರು. ಹತ್ತು ಜನರ ಎದುರಿಗೆ ಬೈಸಿಕೊಂಡಿದ್ದರು. ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತು ಬಾಯಿ ಮುಚ್ಚಿಕೊಂಡಿದ್ದೆ. 'ಅದು ನನ್ನ ತಪ್ಪು ಮೇಸ್ತ್ರಿ' ಅಂತ ಒಂದು ಸಾಲು ಹೇಳಬೇಕಿತ್ತು. ಐದಾರು ವರ್ಷದಿಂದ ನಾಳೆ, ನಾಡಿದ್ದು ಅಂತ ಮುಂದಕ್ಕೆ ಹಾಕಿಕೊಂಡೇ ಬಂದಿದ್ದೆ. ಹಾಸನದ ಬಸ್ಸು ಬಿಟ್ಟು ಹೊಳೆನರಸೀಪುರದ ಬಸ್ಸು ಹತ್ತಿದೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರಿಗೆ ಅದು ಸೇರದು. ಮನೆ ಮುಂದೆ ಒಂದು ಬೋರ್ಡು ಹಾಕಿಸಿ ಅಂತ ನಾನೇ ಎಷ್ಟೋ ಸಲ ಹೇಳಿದ್ದೆ. "ಸುಮ್ಕಿರಿ ಐನೋರೆ. ಬೋಲ್ಡ್ ಆಕ್ಸಿದ್ರೆ ಊರೋರೆಲ್ಲ ಕೆಟ್ಟೋದ ಫ್ರಿಜ್ಜು ಎತ್ಕಂಡ್ ಬತ್ತಾರೆ" ಅನ್ನೋರು. ನಮಗೆಲ್ಲ ಅವರು ಬರೀ ಮೇಸ್ತ್ರಿ.

ಮೊದಲು ನೋಡಿದ್ದು ತೊಂಬತ್ತರ ದಶಕದ ನಡುವೆ, ಹಾಸನದ ಹೊರಗಿದ್ದ ಒಂದು ಆಲೂಗೆಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ. ನಾನು ಚನ್ನರಾಯಪಟ್ಟಣದ ಕಡೆಯವನು, ತಂದೆ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು. ಅದಕ್ಕೇ ಅವರು ನನ್ನನ್ನು ಐನೋರೆ ಅಂತ ಕರೆಯೋದು. ಡಿಪ್ಲೊಮಾ ಮುಗಿಸಿ ಆಗಷ್ಟೇ ಅಲ್ಲಿ ಸೂಪರ್‌ವೈಸರ್ ಅಂತ ಸೇರಿದ್ದೆ. ಸೂಪರ್‌ವೈಸರ್ ಅನ್ನೋ ಪದಕ್ಕೆ ಎಷ್ಟು ಕೊಬ್ಬಿರಬಹುದೋ ಅಷ್ಟೂ ನನಗಿತ್ತು. ಒಳಗೆ ಹೋದರೆ ಮಂಕಿ ಕ್ಯಾಪ್ ಹಾಕಿಕೊಂಡು, ತೋಳು ಹರಿದ ಸ್ವೆಟರ್ ತೊಟ್ಟು, ಕುಳ್ಳಗಿನ ಒಬ್ಬ ಮನುಷ್ಯ ಮಷಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು.

"ಏನ್ ಓದಿದೀರಿ?" ಅಂದರು ಕಣ್ಣು ತೆಗೆಯದೆ.

"ಡಿಪ್ಲೊಮಾ. ಮೆಕ್ಯಾನಿಕಲ್."

"ಅಂಗಾರೆ ಆಲೂಗೆಡ್ಡೆ ಉಸಿರಾಡ್ತದೆ ಅನ್ನದು ಗೊತ್ತಿರ್ಬೇಕು."

ಗೊತ್ತಿರಲಿಲ್ಲ. ನನ್ನನ್ನು ಬಿತ್ತನೆ ಗೆಡ್ಡೆಯ ಮೂಟೆ ಜೋಡಿಸಿದ್ದ ಕತ್ತಲೆ ಕೋಣೆಯೊಳಗೆ ಕರೆದುಕೊಂಡು ಹೋಗಿ, ಮೂಟೆಗಳ ನಡುವೆ ಕೈ ತೂರಿಸಿ ಅಂದರು. ಕೋಣೆಯೆಲ್ಲ ಕೊರೆಯುತ್ತಿತ್ತು, ಮೂಟೆಗಳ ಸಂದಿಯಲ್ಲಿ ಮಾತ್ರ ಸ್ವಲ್ಪ ಬೆಚ್ಚಗೆ. "ಅದೇ ಅದರ ಉಸಿರು. ಜೀವ ಅದೆ ಅದ್ಕೆ. ನಾವು ತಣ್ಣಗೆ ಮಾಡ್ತಿರಾದು ಗೋಡೌನಲ್ಲ, ಜೀವ ಇರೋದ್ನ. ಅದ್ನ ಮರೀಬ್ಯಾಡಿ" ಅಂದರು. ನಾನು ಮೂರು ವರ್ಷ ಓದಿದ್ದರಲ್ಲಿ ಈ ಸಾಲು ಎಲ್ಲೂ ಇರಲಿಲ್ಲ.

ಒಂದು ದಿನ ಅಲ್ಲಿ ಅಮೋನಿಯಾ ಲೀಕ್ ಆಯಿತು. ಆ ನಾತ ಒಂದು ಸಲ ಮೂಗಿಗೆ ಹೊಡೆದವರಿಗೆ ಗೊತ್ತು, ಪ್ರಾಣ ಬಾಯಿಗೆ ಬಂದ ಹಾಗಾಗುತ್ತೆ. ನಾನು ಸೂಪರ್‌ವೈಸರ್, ಎಲ್ಲರಿಗಿಂತ ಮುಂದೆ ಓಡಿದೆ. ರಸ್ತೆ ತನಕ ಓಡಿದೆ. ಮೇಸ್ತ್ರಿ ಟವೆಲ್ಲು ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ, ವಾಲ್ವ್ ತಿರುಗಿಸಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಹೊರಗೆ ಬಂದರು. ಬಂದವರು ನನ್ನ ಕಾಲು ನೋಡಿ, "ಐನೋರೆ, ಇನ್ನೊಂದು ಚಪ್ಲಿ ಎಲ್ಲಿ?" ಅಂದರು. ಅಷ್ಟೇ. ಓಡಿಹೋದದ್ದರ ಬಗ್ಗೆ ಆಮೇಲೆ ಒಂದು ಮಾತೂ ಇಲ್ಲ. ಚಪ್ಪಲಿಯನ್ನೂ ಅವರೇ ಹುಡುಕಿ ತಂದುಕೊಟ್ಟರು.

ವರ್ಷಗಟ್ಟಲೆ ತಂಪಿನಲ್ಲೇ ಬದುಕಿದ ಈ ಮನುಷ್ಯನಿಗೆ ತಂಪು ಕಂಡರೆ ಆಗುತ್ತಿರಲಿಲ್ಲ, ಅದೊಂದು ತಮಾಷೆ. ಮನೆಯಲ್ಲಿ ಫ್ರಿಜ್ ಇಲ್ಲ, ಕುಡಿಯೋದು ಕಾಯಿಸಿದ ನೀರು. ಸೆಖೆಗಾಲದಲ್ಲೂ ಮಂಕಿ ಕ್ಯಾಪ್ ಇಳಿಯುತ್ತಿರಲಿಲ್ಲ. ಅಂಗಿ ಜೇಬಿನಲ್ಲಿ ಪೆನ್ನಿನ ಬದಲು ಒಂದು ಶೇವಿಂಗ್ ಬ್ರಷ್ ಇರುತ್ತಿತ್ತು. ಪೈಪಿನ ಬೆಸುಗೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತೋ ಇಲ್ಲವೋ ನೋಡೋಕೆ. "ಗಡ್ಡಕ್ಕೂ ಇದೇ ಬ್ರಷ್ಷಾ ಮೇಸ್ತ್ರಿ?" ಅಂತ ಕೆಣಕಿದರೆ, "ಗಡ್ಡ ಲೀಕಾಯ್ತದಾ? ಅದ್ಕೆ ಬ್ಯಾರೆ ಐತೆ" ಅನ್ನೋರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಸಾಹುಕಾರರಿಗೆ, ಅಂದರೆ ಕೋಲ್ಡ್ ಸ್ಟೋರೇಜಿನ ಯಜಮಾನರಿಗೆ, ಹಾಸನದಲ್ಲಿ ದೊಡ್ಡ ಕಟ್ಟಡ ಕಟ್ಟಿಸೋ ಉಮೇದು ಬಂತು. ಕೆಳಗೆ ಅಂಗಡಿ, ನಡುವೆ ಪಾರ್ಟಿ ಹಾಲು, ಮೇಲೆ ಹದಿನಾರು ರೂಮಿನ ಲಾಡ್ಜು. ಬೆಂಗಳೂರಿನಲ್ಲಿ ಯಾರದೋ ಹೋಟೆಲಿನಲ್ಲಿ ನೋಡಿಬಂದು, ನಮಗೂ ಅದೇ ಏಸಿ ಬೇಕು, ಗೋಡೆಗೊಂದೊಂದು ಡಬ್ಬ ನೇತುಹಾಕೋದು ಬೇಡ ಅಂದರು. ವಿ.ಆರ್.ಎಫ್. ಅಂತ ಅದರ ಹೆಸರು. ಟೆರೇಸಿನ ಮೇಲೆ ಒಂದು ಮಷಿನ್ನು, ಅದರಿಂದ ಒಂದು ಜೋಡಿ ತಾಮ್ರದ ಪೈಪು ಹೊರಟು, ಕವಲೊಡೆದು ಕವಲೊಡೆದು ಎಂಟು ರೂಮಿಗೆ ಹೋಗುತ್ತೆ. ನಮ್ಮಲ್ಲಿ ಅಂಥವು ಎರಡು. ಕಂಪನಿಯವರು ನಕ್ಷೆ ಕೊಟ್ಟು ಕೊನೆಗೆ ಬಂದು ಚಾಲೂ ಮಾಡಿಕೊಡೋದು, ಪೈಪಿನ ಕೆಲಸ ಮೇಸ್ತ್ರಿದು, ಸೈಟ್ ಇಂಜಿನಿಯರ್ ನಾನು. ಬರೀ ಡಿಪ್ಲೊಮಾದವನನ್ನು ಇಂಜಿನಿಯರ್ ಅಂತ ಕರೆದದ್ದು ಅದೇ ಮೊದಲು.

ಸಾಹುಕಾರರಿಗೆ ಈ ಮಷಿನ್ನು ಅರ್ಥವಾಗಲಿಲ್ಲ. ನಾನು ನಕ್ಷೆ ಹಿಡಿದು ಅರ್ಧ ಗಂಟೆ ಕೊರೆದೆ. ಮೇಸ್ತ್ರಿ ಎರಡು ಮಾತಿನಲ್ಲಿ ಮುಗಿಸಿದರು. "ಸಾವ್ಕಾರ್ರೆ, ಅಳೇ ಏಸಿ ಅಂದ್ರೆ ಒಬ್ಬೊಬ್ರಿಗೂ ಒಂದೊಂದು ಒಲೆ ಅಚ್ದಂಗೆ. ಇದು ಒಂದೇ ಒಲೆ, ಎಂಟು ಜನ ಪಂಕ್ತಿಗೆ ಕುಂತವ್ರೆ. ಯಾರ್ಗೆಷ್ಟು ಅಸಿವೋ ಅವ್ರಿಗಷ್ಟು ಬಡ್ಸದು. ಎಂಟೂ ಜನ ಉಂಡ್ರೆ ಉರಿ ಜೋರು, ಇಬ್ರೇ ಉಂಡ್ರೆ ಉರಿ ಸಣ್ಣ." ಸಾಹುಕಾರರು ಆಮೇಲೆ ಬಂದವರಿಗೆಲ್ಲ ಇದನ್ನೇ ತಮ್ಮ ಮಾತು ಅಂತ ಹೇಳಿಕೊಂಡು ಓಡಾಡಿದರು.

ಪೈಪು ಎಳೆದು ಮುಗಿದ ಮೇಲೆ ಅವರ ಒಂದು ಕ್ರಮ ಇತ್ತು. ಪೈಪಿನೊಳಗೆ ನೈಟ್ರೋಜನ್ ಗಾಳಿ ತುಂಬಿ, ಒತ್ತಡ ತೋರಿಸೋ ಗೇಜು ಕಚ್ಚಿಸಿ, ಮುಳ್ಳು ಎಲ್ಲಿ ನಿಂತಿದೆ, ಗಂಟೆ ಎಷ್ಟು, ಬಿಸಿಲು ಹೇಗಿದೆ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯೋರು. ಪಕ್ಕದಲ್ಲಿ ನನ್ನ ಕೈಲಿ ರುಜು ಹಾಕಿಸೋರು. ಒಂದು ಹಗಲು ಒಂದು ರಾತ್ರಿ ಯಾರೂ ಮುಟ್ಟೋ ಹಾಗಿಲ್ಲ. ಮಾರನೆ ದಿನ ಒತ್ತಾರೆ ನೋಡಿದರೆ ಮುಳ್ಳು ಒಂದು ಕೂದಲೆಳೆ ಇಳಿದಿತ್ತು. ಎಲ್ಲೋ ಲೀಕು ಅಂದೆ ನಾನು. ಮೇಸ್ತ್ರಿ ಆಕಾಶ ನೋಡಿ, "ರಾತ್ರಿ ಸೀತಕ್ಕೆ ಒಳಗಿನ ಗಾಳಿನೂ ಮುದುರ್ಕಂಡದೆ. ಬಿಸ್ಲು ಏರ್ಲಿ" ಅಂತ ಬೀಡಿ ಹಚ್ಚಿದರು. ಬಿಸಿಲು ಏರಿತು, ಮುಳ್ಳೂ ಬಂದು ಗೆರೆ ಮೇಲೆ ನಿಂತಿತು. ಆಗ ವಾಲ್ವಿನ ಮೇಲೆ ನನ್ನ ಕೈ ಇಡಿಸಿ, "ಮುಳ್ಳು ಇಳೀನಿಲ್ಲ. ಜಾಯಿಂಟ್ ಗಟ್ಟಿ ಅದೆ. ಗಾಳಿ ಬುಟ್ಬುಡಿ" ಅಂದರು. ನಾನು ತಿರುಗಿಸಿದೆ, ಬುಸ್ಸೆಂದು ಅಷ್ಟೂ ಗಾಳಿ ಹೊರಗೆ ಹೋಯಿತು. ಆಮೇಲೆ ಎಲ್ಲರೂ ಕೂತು ಇಡ್ಲಿ ತಿಂದೆವು.

ಇನ್ನೊಂದು ಕ್ರಮ, ಕಿಂಡಿ. ಪೈಪು ಕವಲೊಡೆಯೋ ಜಾಗದ ಕೆಳಗೆಲ್ಲ, ಪ್ರತಿ ರೂಮಿನ ಪೈಪು ಮುಗಿಯೋ ಕಡೆಯೆಲ್ಲ, ಫಾಲ್ಸ್ ಸೀಲಿಂಗಿನಲ್ಲಿ ಕೈ ತೂರೋವಷ್ಟು ಒಂದು ಚೌಕದ ಬಾಗಿಲು ಬಿಡಲೇಬೇಕು ಅಂತ ಅವರ ಹಟ. ಸೀಲಿಂಗ್ ಮಾಡೋನು ಬಾಯಿ ಬಡಿದುಕೊಂಡ. ಹೂಬಳ್ಳಿ ಡಿಸೈನ್ ಮಾಡಿರೋ ಸೀಲಿಂಗಿನಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತೆ ಅಂದ. ನನಗೂ ಹಾಗೇ ಅನ್ನಿಸಿತ್ತು. ಮೇಸ್ತ್ರಿ ಏಣಿ ಮೇಲೆ ಹತ್ತಿ ಕೂತುಬಿಟ್ಟರು. "ಮುಚ್ಚಿ. ನನ್ನೂ ಸೇರ್ಸಿ ಮುಚ್ಚಿ. ನಾಳೀಕೆ ಏನಾರ ಆದ್ರೆ ಒಳಗಿಂದ್ಲೇ ಕೂಗಿ ಏಳ್ತೀನಿ ಎಲ್ಲಿ ಲೀಕು ಅಂತ." ಮಧ್ಯಾಹ್ನದ ಊಟಕ್ಕೂ ಇಳಿಯಲಿಲ್ಲ. ಕೊನೆಗೆ ನಾನು ಸೋತು, ಸಾಹುಕಾರರ ಹತ್ತಿರ ಹೋಗಿ 'ಇದು ಕಂಪನಿ ರೂಲ್ಸು' ಅಂತ ಹಸಿ ಸುಳ್ಳು ಹೇಳಿ ಕಿಂಡಿಗಳನ್ನು ಉಳಿಸಿದೆ. ಮೇಸ್ತ್ರಿ ಇಳಿದು ಬಂದು ತಣ್ಣಗಾಗಿದ್ದ ಅನ್ನ ಉಂಡರು.

ಈಗ ನನ್ನ ಘನಕಾರ್ಯದ ವಿಷಯ.

ಪೈಪು ಎಳೆದು ಆದ ಮೇಲೆ ಸಾಹುಕಾರರ ಮನೆ ಜೋಯಿಸರು ಬಂದು, ಎಂಟು ಶನಿಯ ಸಂಖ್ಯೆ, ಎಂಟನೇ ನಂಬರಿನ ರೂಮು ಇರಕೂಡದು ಅಂದರು. ಆಯಿತು, ಏಳರ ಆಮೇಲೆ ಒಂಬತ್ತು ಅಂತ ಮಾಡಿದೆವು. ಹಾಗೆ ಮಾಡಿದರೆ ಕೊನೆಯ ರೂಮು ಹದಿನೇಳಾಯಿತು. ಒಂದೂ ಏಳೂ ಕೂಡಿದರೆ ಮತ್ತೆ ಎಂಟು! ಅದನ್ನೂ ಹಾರಿಸಿ ಹದಿನೆಂಟು ಅಂತ ಮಾಡಿದೆವು. ಎಂಟನೇದಾಗಿದ್ದ ರೂಮು ಒಂಬತ್ತಾಯಿತಲ್ಲ, ಸಾಹುಕಾರರಿಗೆ ಒಂಬತ್ತು ಅಂದರೆ ಪ್ರಾಣ. ಕಾರಿನ ನಂಬರೂ ಕೂಡಿದರೆ ಒಂಬತ್ತೇ. ಆ ರೂಮಿಗೆ ಬೇರೆ ಮಂಚ, ಬೇರೆ ಪರದೆ ಬಂತು. ಪೈಪು ಆಗಲೇ ಸೀಲಿಂಗಿನೊಳಗಿತ್ತು. ರೂಮು ಮಷಿನ್ನಿಗೆ ತಂಪು ಬೇಕು ಅಂತ ಹೇಳೋ ವೈರು ಎಳೆಯೋದು ಮಾತ್ರ ಬಾಕಿ ಇತ್ತು. ವೈರಿಂಗಿನವರಿಗೆ ಹೊಸ ನಂಬರಿನ ನಕ್ಷೆ ಬರೆದುಕೊಟ್ಟವನು ನಾನು. ರೂಮಿನ ನಂಬರುಗಳನ್ನೆಲ್ಲ ಬದಲಾಯಿಸಿದೆ. ಮೂಲೆಯಲ್ಲಿದ್ದ 'ಒಂದರಿಂದ ಎಂಟು ಮೊದಲನೇ ಮಷಿನ್ನು, ಒಂಬತ್ತರಿಂದ ಎರಡನೇ ಮಷಿನ್ನು' ಅನ್ನೋ ಸಾಲನ್ನು ಮಾತ್ರ ಹಳೆ ನಕ್ಷೆಯಿಂದ ಹಾಗೇ ಇಳಿಸಿದೆ. ಕೆಳಗೆ ರುಜು ಬೇರೆ ಹಾಕಿದೆ, ಉದ್ದಕ್ಕೆ ಬಾಲ ಎಳೆದು.

ಕಂಪನಿಯವನು ಬಂದು ಎಲ್ಲ ರೂಮನ್ನೂ ಒಟ್ಟಿಗೆ ಚಾಲೂ ಮಾಡಿ ನೋಡಿದ. ಎಲ್ಲವೂ ತಂಪು. ಕೈ ಕುಲುಕಿ ಹೋದ. ಓಪನಿಂಗಿಗೆ ಮೂರು ದಿನ ಇತ್ತು, ಏಪ್ರಿಲ್ ಬಿಸಿಲು. ಸಾಹುಕಾರರು ತಮ್ಮ ಅಕ್ಕನನ್ನು ಮೊದಲ ಅತಿಥಿಯಾಗಿ ಒಂಬತ್ತನೇ ರೂಮಿನಲ್ಲಿ ಇಳಿಸಿದರು. ಕಟ್ಟಡದಲ್ಲಿ ಇನ್ಯಾರೂ ಇಲ್ಲ. ಒಂದು ಗಂಟೆಯಾಗಿರಲಿಲ್ಲ, ಆ ಯಮ್ಮ ಸೆರಗಿನಿಂದ ಗಾಳಿ ಬೀಸಿಕೊಂಡು ಕೆಳಗಿಳಿದು ಬಂದು, "ಇದೇನ್ಲಾ ತಮ್ಮ, ಏಸಿ ರೂಮು ಅಂತ ಏಳಿ ಒಲೆ ಒಳ್ಗೆ ಕೂರ್ಸಿದೀಯಲ್ಲಾ" ಅಂದರು. ಟೆರೇಸಿಗೆ ಓಡಿದರೆ ಎರಡನೇ ಮಷಿನ್ನು ಕೆಂಪು ದೀಪ ಮಿಣುಕಿಸಿಕೊಂಡು ನಿಂತುಬಿಟ್ಟಿತ್ತು.

ಸಾಹುಕಾರರ ಮುಖ ಬಿಗಿದುಕೊಂಡಿತು. ಗ್ಯಾಸ್ ಲೀಕಾಗಿದೆ, ಸೀಲಿಂಗ್ ಒಡೆದು ನೋಡಬೇಕು ಅಂತ ಯಾರೋ ಅಂದರು. ಮೂರು ದಿನದಲ್ಲಿ ಒಡೆದು, ಹುಡುಕಿ, ಮತ್ತೆ ಮುಚ್ಚಿ, ಬಣ್ಣ ಹೊಡೆಯೋದು ಕನಸಿನ ಮಾತು. ಕಾರ್ಡು ಹಂಚಿ ಆಗಿತ್ತು. "ಆಲೂಗೆಡ್ಡೆ ಗೋಡೌನಿನೋನ ಕೈಗೆ ಇಂಥಾ ಕೆಲ್ಸ ಕೊಟ್ಟಿದ್ದೇ ತಪ್ಪಾಯ್ತು. ಕರೆಸ್ರೀ ಅವನ್ನ" ಅಂತ ಕೂಗಾಡಿದರು. ಮೇಸ್ತ್ರಿ ಹೊಳೆನರಸೀಪುರದಿಂದ ಮಧ್ಯಾಹ್ನದ ಬಸ್ಸಿನಲ್ಲಿ ಬಂದರು, ಆ ಬಿಸಿಲಲ್ಲೂ ಮಂಕಿ ಕ್ಯಾಪು.

ಬಂದವರು ನೇರ ಮೇಲೆ ಹತ್ತಿದರು. ಒಂಬತ್ತನೇ ರೂಮಿಗೆ ಹೋಗಿ ಕಿಂಡಿ ತೆಗೆದು, ಏಣಿ ಮೇಲೆ ನಿಂತು, ಅಂಗೈಯ ಹಿಂಬದಿಯಿಂದ ಪೈಪು ಮುಟ್ಟಿದರು. ಜೇಬಿನಿಂದ ಬ್ರಷ್ ತೆಗೆದು ನೊರೆ ಹಚ್ಚಿ ನೋಡಿದರು. ಗುಳ್ಳೆ ಇಲ್ಲ. ಮಷಿನ್ನಿನ ಕರೆಂಟು ತೆಗೆದು ಮತ್ತೆ ಹಾಕಿಸಿದರು. "ಐನೋರೆ, ಇದು ಆನ್ ಇರ್ಲಿ. ವಸಿ ಓಗಿ ಮೂರ್ನೇ ರೂಮಿಂದೂ ಆಕಿ" ಅಂದರು. ಹಾಕಿ ಬಂದೆ. "ಈಗ ಮುಟ್ಟಿ." ಏಣಿ ಹತ್ತಿ ಮುಟ್ಟಿದೆ, ಪೈಪು ತಣ್ಣಗೆ ಕೊರೆಯುತ್ತಿತ್ತು. "ಈಗ ಮೂರ್ನೇದು ಆರ್ಸಿ, ಅನ್ನೆರಡ್ನೇದು ಆಕಿ." ಹಾಕಿದೆ. ಪೈಪು ನಿಧಾನಕ್ಕೆ ಬೆಚ್ಚಗಾಗುತ್ತಾ ಬಂತು.

ಮೂರನೇ ರೂಮು ಮೊದಲನೇ ಮಷಿನ್ನಿಂದು, ಹನ್ನೆರಡನೇದು ಎರಡನೇದು. ಒಂಬತ್ತರ ಪೈಪು ಮೊದಲನೇ ಮಷಿನ್ನಿಗೆ ಸೇರಿದೆ, ವೈರು ಎರಡನೇದಕ್ಕೆ ಸೇರಿದೆ. ರೂಮು ಒಂದು ಮಷಿನ್ನನ್ನು ಕೂಗುತ್ತಿತ್ತು, ಗ್ಯಾಸು ಬರಬೇಕಾದದ್ದು ಇನ್ನೊಂದರಿಂದ. ಮೊದಲನೇ ಮಷಿನ್ನಿನ ಇನ್ಯಾವ ರೂಮಿನವರಾದರೂ ಹಾಕಿಕೊಂಡಿದ್ದರೆ ಇದಕ್ಕೂ ತಂಪು, ಇಲ್ಲದಿದ್ದರೆ ಇಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡಿದ ಕಂಪನಿಯವನಿಗೆ ಅದಕ್ಕೇ ಗೊತ್ತಾಗಿರಲಿಲ್ಲ. ಏಣಿ ಮೇಲೆ ನಿಂತ ಹಾಗೇ ನಕ್ಷೆಯ ಆ ಮೂಲೆಯ ಸಾಲು ನನ್ನ ಕಣ್ಣಿಗೆ ಕಟ್ಟಿತು. ಬಾಲ ಎಳೆದ ರುಜುವೂ ಕಂಡಿತು. ಕೆಳಗಿಳಿದೆ. ಮೇಸ್ತ್ರಿ ನನ್ನ ಮುಖ ನೋಡಿದರು.

ಅಷ್ಟು ಹೊತ್ತಿಗೆ ಸಾಹುಕಾರರು ಒಳಗೆ ಬಂದರು. ಹಿಂದೆ ಸೀಲಿಂಗಿನವನು, ಬಣ್ಣದವರು, ವೈರಿಂಗಿನವರು, ಆ ಅಕ್ಕ, ಎಲ್ಲರೂ. ವೈರು ತಪ್ಪು ಮಷಿನ್ನಿಗೆ ಹೋಗಿದೆ ಅಂತ ಮೇಸ್ತ್ರಿ ಹೇಳಿದ್ದೇ ತಡ, ಸಾಹುಕಾರರು "ಯಾರು ಮಾಡಿದ್ದಯ್ಯಾ ಇದನ್ನ?" ಅಂದರು. ನಾನು ಏಣಿಯ ಹಿಂದೆ ಸರಿದು ನಿಂತೆ. ಮನೆಯಲ್ಲಿ ತಂದೆ ಕಣ್ಣು ಮಂಜಾಗಿ ಪೂಜೆ ಬಿಟ್ಟಿದ್ದರು, ಈ ಕೆಲಸ ಹೋದರೆ ಇಂಜಿನಿಯರ್ ಅಂತ ಇನ್ಯಾರೂ ಕರೆಯೋರಿರಲಿಲ್ಲ. ಇವೆಲ್ಲ ನೆಪ. ಹೆದರಿದೆ, ಅಷ್ಟೆ.

"ವೈರು ಎಳ್ಸೋವಾಗ ನಾನು ನಿಂತು ನೋಡ್ಬೇಕಾಗಿತ್ತು ಸಾವ್ಕಾರ್ರೆ, ನೋಡ್ನಿಲ್ಲ. ನನ್ದೇ ತಪ್ಪು" ಅಂದರು ಮೇಸ್ತ್ರಿ. "ಸೀಲಿಂಗ್ ಒಡ್ಯಂಗಿಲ್ಲ. ವಸಿ ವೊತ್ತು ಕೊಡಿ, ಸರಿ ಮಾಡ್ತೀನಿ."

ಸಾಹುಕಾರರು ಬೈದರು ನೋಡಿ, ಅದನ್ನು ಇಲ್ಲಿ ಬರೆಯೋಕಾಗಲ್ಲ. ವಯಸ್ಸಾಯಿತು, ಮಂಡೆ ಮಂಜಾಯಿತು, ಮನೆಗೆ ಹೋಗಿ ಬಿದ್ದುಕೋ, ಇನ್ನೂ ಏನೇನೋ. ಮೇಸ್ತ್ರಿ ಬ್ರಷ್ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ ಬೆಂಗಳೂರಿಗೆ ಫೋನು ಹಚ್ಚಿಸಿ, ಕಂಪನಿಯವನು ಹೇಳಿದ ಹಾಗೆ ವೈರು ಬದಲಾಯಿಸಿ, ರೂಮಿನ ಗುರುತು ಮಷಿನ್ನಿಗೆ ಮತ್ತೆ ಹೇಳಿಕೊಟ್ಟರು. ಎರಡೇ ಗಂಟೆ. ಒಂಬತ್ತನೇ ರೂಮು ಒಂದನ್ನೇ ಹಾಕಿದಾಗ ತಂಪು ಗಾಳಿ ಸುಯ್ಯನೆ ಬಂತು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಬದುಕಿಕೊಂಡೆ ಅಂತ ಅತ್ತೆನೋ, ನಾಚಿಕೆಗೆ ಅತ್ತೆನೋ, ಎರಡೂ ಇತ್ತು. ಓಪನಿಂಗು ಸುಸೂತ್ರವಾಗಿ ನಡೆಯಿತು.

ಸಾಹುಕಾರರು ಮುಂದೆ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಕಟ್ಟಡ ಕಟ್ಟಿಸಿದಾಗ ಪೈಪಿನ ಕೆಲಸ ಮೇಸ್ತ್ರಿಗೆ ಕೊಡಲಿಲ್ಲ. ಇಂಜಿನಿಯರ್ ಮಾತ್ರ ನಾನೇ.

ಓಪನಿಂಗ್ ಆದ ವರ್ಷವೇ ಡಿಸೆಂಬರಿನಲ್ಲಿ ಲಾಡ್ಜಿನ ಮಷಿನ್ನುಗಳನ್ನು ಬಿಸಿಗೆ ತಿರುಗಿಸಬೇಕಾಯಿತು. ಬೇರೆ ಯಾರಿಗೂ ಬಗೆಹರಿಯದೆ ಅವರನ್ನೇ ಕರೆಸಿದರು. ಅದೇ ಪೈಪು, ಅದೇ ಗ್ಯಾಸು, ಚಳಿಗಾಲದಲ್ಲಿ ಉಲ್ಟಾ ತಿರುಗಿ ಬಿಸಿ ಕೊಡುತ್ತೆ ಅಂತ ಅವರಿಗೆ ಗೊತ್ತಿತ್ತು, ಕೈಯಾರೆ ನೋಡಿರಲಿಲ್ಲ. ಬೆಳಿಗ್ಗೆ ಮಂಜು ಸುರಿಯುತ್ತಿತ್ತು. ಬೆಚ್ಚನೆ ಗಾಳಿ ಬಂದಾಗ ಎರಡೂ ಅಂಗೈ ಚಾಚಿ ನಿಂತರು. ಮಂಕಿ ಕ್ಯಾಪ್ ತೆಗೆದರು! ಅವರ ತಲೆ ಪೂರ್ತಿ ಬೋಳು ಅನ್ನೋದು ನನಗೆ ಆವತ್ತೇ ಗೊತ್ತಾಗಿದ್ದು. "ಇಷ್ಟು ವರ್ಷ ಬರೀ ತಣ್ಣಗೆ ಮಾಡ್ಕಂಡೇ ಬಂದೆ ಐನೋರೆ. ಇವತ್ತು ಬೆಚ್ಚಗೆ ಮಾಡ್ದೆ" ಅಂದರು. ರೂಮಿನಲ್ಲಿ ನಾವಿಬ್ಬರೇ. ಆವತ್ತು ಹೇಳಬಹುದಿತ್ತು. ಅವರು ಅಷ್ಟು ಖುಷಿಯಾಗಿದ್ದಾಗ ಯಾಕೆ ಕೆಡಿಸೋದು ಅಂತ ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಇದೆಲ್ಲ ನೆನೆಸಿಕೊಂಡು ಹೊಳೆನರಸೀಪುರದಲ್ಲಿ ಇಳಿದೆ. ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ದೊಡ್ಡದೊಂದು ಹಾರ ತಗೊಂಡೆ. "ಯಾರಿಗಪ್ಪಾ, ದೇವ್ರಿಗಾ?" ಅಂದಳು. ದುಡ್ಡು ಕೊಟ್ಟು ನಡೆದೆ. ಮೇಸ್ತ್ರಿ ಬೀದಿಗೆ ತಿರುಗಿದೆ. ಎದುರು ಸಾಲಿನ ಒಂದು ಮನೆ ಮುಂದೆ ಕುರ್ಚಿ ಹಾಕಿತ್ತು, ಜನ ಸೇರಿದ್ದರು. ಮೇಸ್ತ್ರಿ ಮನೆ ಮುಂದೆ ಏನೂ ಇಲ್ಲ. ಹತ್ತಿರ ಹೋದರೆ, ಜಗಲಿ ಮೇಲೆ ಮಂಕಿ ಕ್ಯಾಪು! ಕ್ಯಾಪಿನ ಕೆಳಗೆ ಮೇಸ್ತ್ರಿ! ತಟ್ಟೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ.

ನಾನು ಅಲ್ಲೇ ಜಗಲಿ ಕಟ್ಟೆಗೆ ಕುಸಿದು ಕೂತೆ. ನಗು ಬಂತು, ಅಳು ಬಂತು, ಯಾವುದು ಮುಂಚೆ ಅಂತ ಗೊತ್ತಾಗಲಿಲ್ಲ.

"ಯಾಕ್ ಐನೋರೆ, ಏನಾಯ್ತು? ನೀರ್ ತರ್ಸ್ಲಾ?" ಅಂದರು ಗಾಬರಿಯಾಗಿ. ಆಮೇಲೆ ನನ್ನ ಕೈ ನೋಡಿದರು. ಹಾರ ನೋಡಿದರು. ಎದುರು ಮನೆ ನೋಡಿದರು. ಅರ್ಥವಾಯಿತು. "ಓಹೋಹೋ. ತೀರ್ಕಂಡದ್ದು ಅವ್ನು ಕಣ್ರಪ್ಪ, ಎದುರುಮನೆ ಫ್ರಿಜ್ಜು ಏಸಿ ರಿಪೇರಿಯೋನು. ಒಳ್ಳೆ ಕೈ ಇತ್ತು ಅವಂದು, ಪಾಪ. ನೀವು ನನ್ನೇ ಕಳ್ಸಾಕ್ ಬಂದ್ರಾ?"

"ಅರಕಲಗೂಡಲ್ಲಿ ಹಾಗಂದ್ರು ಮೇಸ್ತ್ರಿ, ನಾನು ಕೇಳಿದ್ದನ್ನ ನಂಬಿಕೊಂಡು..."

"ತಂದಾಯ್ತಲ್ಲ. ವಾಪಸ್ ತಕ್ಕಂಡ್ ಓಗ್ತೀರಾ? ಆಕಿ ಇತ್ಲಾಗೆ. ನೀವೊಬ್ರಾದ್ರೂ ಸನ್ಮಾನ ಮಾಡ್ದಂಗಾಯ್ತು" ಅಂತ ಕತ್ತು ಬಗ್ಗಿಸಿದರು. ಹಾಕಿದೆ. ಒಳಗಿನಿಂದ ಅವರ ಮನೆಯವರು ಬಂದು ನೋಡಿ, ಹಣೆ ಚಚ್ಚಿಕೊಂಡು, ನಗುತ್ತಾ ಒಳಗೆ ಹೋದರು.

ಇನ್ನು ತಡ ಮಾಡಬಾರದು ಅಂದುಕೊಂಡೆ. ಒಂದೇ ಉಸಿರಿಗೆ ಹೇಳಿಬಿಟ್ಟೆ. "ಮೇಸ್ತ್ರಿ, ಆ ಒಂಬತ್ತನೇ ರೂಮಿನ ವೈರು. ನಕ್ಷೆ ಬರೆದವನು ನಾನು. ತಪ್ಪು ನನ್ನದು, ನಿಮ್ಮದಲ್ಲ. ಆವತ್ತು ಹೇಳೋಕೆ ಧೈರ್ಯ ಸಾಲಲಿಲ್ಲ."

ಒಂದು ಅವರೆಕಾಯಿ ಸುಲಿದು ತಟ್ಟೆಗೆ ಹಾಕಿದರು. "ಗೊತ್ತಿತ್ತು. ಏಣಿ ಮ್ಯಾಲೆ ನಿಮ್ಮ ಮುಖ ನೋಡ್ದಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ನಿಮ್ಮ ಮ್ಯಾಲಿನ ಪಿರೂತಿಗೆ ಅನ್ಕಬ್ಯಾಡಿ. ನಿಮ್ಮನ್ನ ಮನೀಗೆ ಕಳ್ಸಿದ್ರೆ ಬೆಂಗ್ಳೂರಿಂದ ಇನ್ನೊಬ್ಬ ಇಂಜಿನಿಯರ್ ಬತ್ತಿದ್ದ. ಬಂದೋನು ಮೊದ್ಲು ನನ್ನ ಕಿಂಡಿಗಳ್ನ ಮುಚ್ಚುಸ್ತಿದ್ದ. ನನ್ನ ಕಿಂಡಿಗೋಸ್ಕರ ಸುಳ್ಳು ಏಳಿದ ಇಂಜಿನಿಯರ್ರು ನೀವೊಬ್ರೇ."

"ಅದರಿಂದ ಚನ್ನರಾಯಪಟ್ಟಣದ ಕೆಲಸ ನಿಮ್ಮ ಕೈ ತಪ್ಪಿತು" ಅಂದೆ.

"ತಪ್ತು. ಬೇಜಾರಾಯ್ತು. ಒಂದೊರ್ಸ ನಿಮ್ಮ ಮ್ಯಾಲೆ ಸಿಟ್ಟೂ ಇತ್ತು, ಇಲ್ಲ ಅಂದ್ರೆ ಸುಳ್ಳಾಯ್ತದೆ. ಒಂದಿನ ಬಂದು ಏಳ್ತಾರೆ ಬುಡು ಅನ್ಕಂಡೆ. ಬರ್ನಿಲ್ಲ. ಆಮೇಲೆ ನಂಗೂ ಮರ್ತೋಯ್ತು."

"ನನಗೆ ಮರೆಯಲಿಲ್ಲ ಮೇಸ್ತ್ರಿ. ಒಂದು ದಿನವೂ ಮರೆಯಲಿಲ್ಲ. ನಾಳೆ ಸಾಹುಕಾರರಿಗೂ ಹೋಗಿ ಹೇಳ್ತೀನಿ."

"ಏಳಿ. ಕಿಂಡಿ ಮುಚ್ಚುಸ್ಬ್ಯಾಡಿ ಅಂತ್ಲೂ ಏಳಿ."

ತಟ್ಟೆ ಪಕ್ಕಕ್ಕಿಟ್ಟು, ಹಾರ ಸರಿ ಮಾಡಿಕೊಂಡು, ಅಂಗೈಯ ಹಿಂಬದಿಯನ್ನು ನನ್ನ ಎದೆಗೆ ಆನಿಸಿದರು, ಆವತ್ತು ಪೈಪು ಮುಟ್ಟಿದ ಹಾಗೇ.

"ಇಷ್ಟು ವರ್ಷ ಇಟ್ಕಂಡಿದ್ರಿ. ಮುಳ್ಳು ಇಳೀನಿಲ್ಲ" ಅಂದರು. "ಸಾಕು. ಇನ್ನ ಗಾಳಿ ಬುಟ್ಬುಡಿ."